ದುಡಿದವನ ಲೆಕ್ಕ ಯಾರು ಬರೀಬೇಕು?

ಲಿಂಟನ್ ಕ್ವೇಸಿ ಜಾನ್ಸನ್ 1980ರಲ್ಲಿ ಪ್ರಕಟಿಸಿದ ‘ಇಂಗ್ಲನ್ ಈಸ್ ಎ ಬಿಚ್’ ಪದ್ಯವನ್ನು ಬೈಗುಳದ ಪದ್ಯ ಅಂತ ಪಕ್ಕಕ್ಕಿಡೋದು ಸುಲಭ. ಹೆಸರೇ ಹಾಗಿದೆ. ಆದರೆ ಹೆಸರು ದಾಟಿ ಒಳಗೆ ಹೋದರೆ ಅಲ್ಲಿ ಸಿಗೋದು ಲೆಕ್ಕ. ಒಬ್ಬ ಕಪ್ಪು ಕೂಲಿಕಾರ ಲಂಡನ್ನಿನಲ್ಲಿ ಎಲ್ಲೆಲ್ಲಿ ದುಡಿದ, ಎಷ್ಟು ಕಾಲ ದುಡಿದ, ಕೊನೆಗೆ ಕೈಗೇನು ಬಂತು ಅನ್ನೋ ಲೆಕ್ಕ. ಪದ್ಯದ ನಿಜವಾದ ಶಕ್ತಿ ಇರೋದು ಈ ಲೆಕ್ಕದಲ್ಲಿ.

ಹಿನ್ನೆಲೆ ತಿಳಿಯದೆ ಇದನ್ನು ಓದಲಾಗದು. 1948ರ ಜೂನ್ 22ರಂದು ಕೆರಿಬಿಯನ್ ದ್ವೀಪಗಳ ನೂರಾರು ಜನ ‘ಎಂಪೈರ್ ವಿಂಡ್‌ರಶ್’ ಹಡಗಿನಿಂದ ಟಿಲ್ಬರಿ ಬಂದರಿನಲ್ಲಿ ಇಳಿದರು. ಯುದ್ಧದಿಂದ ನಲುಗಿದ್ದ ಬ್ರಿಟನ್ನಿಗೆ ಆಗ ದುಡಿಯುವವರು ಬೇಕಿತ್ತು. 1956ರಲ್ಲಿ ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ ಬಾರ್ಬಡೋಸಿಗೇ ಹೋಗಿ ಬಸ್ಸು, ರೈಲಿನ ಕೆಲಸಕ್ಕೆ ಆಳು ಹಿಡಿಯಿತು. ಇತ್ತ ಬ್ರಿಸ್ಟಲ್ಲಿನ ಬಸ್ ಕಂಪನಿಯಲ್ಲಿ ಕಪ್ಪು ಜನ ವರ್ಕ್‌ಶಾಪಿನಲ್ಲಿ ದುಡೀಬಹುದಿತ್ತು, ಬಸ್ಸಿನಲ್ಲಿ ಕಂಡಕ್ಟರಾಗಿ ನಿಲ್ಲೋ ಹಾಗಿರಲಿಲ್ಲ. ಬಿಳಿ ಕಾರ್ಮಿಕರ ಯೂನಿಯನ್ನೂ ಇದಕ್ಕೆ ಬೆಂಬಲ. ಜನ ಬಸ್ಸು ಹತ್ತೋದನ್ನೇ ಬಿಟ್ಟು ತಿಂಗಳುಗಟ್ಟಲೆ ಹೋರಾಡಿದ ಮೇಲೆ, 1963ರ ಆಗಸ್ಟ್ 28ರಂದು ಕಂಪನಿ ಮಣಿಯಿತು. ಕೆಲಸ ಕೊಡುವಾಗ ಬಣ್ಣ ನೋಡೋದು ಕಾನೂನುಬಾಹಿರ ಅಂತಾದದ್ದು 1968ರ ಕಾಯ್ದೆಯಿಂದ.

ಜಾನ್ಸನ್ 1952ರಲ್ಲಿ ಜಮೈಕಾದಲ್ಲಿ ಹುಟ್ಟಿದವನು. 1963ರಲ್ಲಿ ಲಂಡನ್ನಿಗೆ ಬಂದ. ಶಾಲೆಯಲ್ಲಿರುವಾಗಲೇ ಬ್ರಿಟನ್ನಿನ ಬ್ಲ್ಯಾಕ್ ಪ್ಯಾಂಥರ್ಸ್ ಸೇರಿದ. (ಅಮೆರಿಕದ ಪ್ಯಾಂಥರ್ಸ್ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್ ತಮ್ಮದಾಗಿಸಿಕೊಂಡದ್ದು.) ಪದ್ಯ ಹೊರಬಂದಾಗ ಕವಿಗೆ ಇನ್ನೂ ಮೂವತ್ತಾಗಿರಲಿಲ್ಲ. ಪದ್ಯದಲ್ಲಿ ಮಾತಾಡುವವನಿಗೆ ಐವತ್ತೈದು. ಓದು ಕಲಿತ ಮಗ ಅಪ್ಪಂದಿರ ತಲೆಮಾರಿಗೆ ಬಾಯಾಗಿದ್ದಾನೆ. ಬರೆದದ್ದು ಶಾಲೆಯ ಇಂಗ್ಲಿಷಲ್ಲ, ಜಮೈಕಾದವರು ಮನೆಯಲ್ಲಿ, ಬೀದಿಯಲ್ಲಿ ಆಡುವ ಮಾತು. ಕಾಗುಣಿತವೂ ಕಿವಿಗೆ ಬಿದ್ದ ಹಾಗೆ. ಈ ಮುದುಕನ ಬಾಯಿಗೆ ಶಿಷ್ಟ ಇಂಗ್ಲಿಷ್ ತುರುಕಿದ್ದರೆ ಅವನ ಸಾಕ್ಷಿಯೇ ಸುಳ್ಳಾಗುತ್ತಿತ್ತು.

ಅವನ ಕೆಲಸಗಳನ್ನು ನೋಡಿ. ಮೊದಲು ನೆಲದಡಿಯ ರೈಲಿನಲ್ಲಿ. ಆಮೇಲೆ ದೊಡ್ಡ ಹೋಟೆಲಿನಲ್ಲಿ ತಟ್ಟೆ ತೊಳೆಯೋದು. ಸಂಬಳದ ಲಕೋಟೆ ಕೈಗೆ ಬರೋ ಮೊದಲೇ ತೆರಿಗೆ ಅದನ್ನು ಕಚ್ಚಿರುತ್ತೆ. ಆಮೇಲೆ ಕೊರೆಯುವ ಚಳಿಯಲ್ಲಿ ಗುಂಡಿ ತೋಡೋದು. ಹೇಸರಗತ್ತೆಯ ಹಾಗೆ ದುಡಿದು, ಒಂದು ದಿನ ಓವರ್‌ಟೈಮ್ ಬಿಟ್ಟು, ಇನ್ನೊಂದು ದಿನ ಹತಾರವನ್ನೇ ಕೆಳಗಿಡ್ತಾನೆ. ಹಗಲು ಪಾಳಿ, ರಾತ್ರಿ ಪಾಳಿ, ಚೊಕ್ಕ ಕೆಲಸ, ಕೊಳಕು ಕೆಲಸ ಎಲ್ಲಾ ಮಾಡಿದವನಿಗೇ ಸೋಮಾರಿ ಅನ್ನೋ ಪಟ್ಟ. ಕೊನೆಗೆ ಬ್ರಾಕ್ಲಿಯ ಸಣ್ಣ ಕಾರ್ಖಾನೆಯಲ್ಲಿ ಪಿಂಗಾಣಿ ಪಾತ್ರೆ ಪ್ಯಾಕ್ ಮಾಡುತ್ತಾ ಹದಿನೈದು ವರ್ಷ. ಅಲ್ಲಿ ಕೆಲಸ ಬೇಕಾದಷ್ಟಿದೆ ಅಂತ ಅವನಿಗೆ ಗೊತ್ತು. ಆದರೂ ಅವನು ‘ಹೆಚ್ಚಾದವನು’. ಐವತ್ತೈದರಲ್ಲಿ ನಿರುದ್ಯೋಗ ಭತ್ಯೆಯ ಸಾಲಿಗೆ.

ಗಮನಿಸಿ: ಇಲ್ಲಿ ಹೆಸರಿಟ್ಟ ಮೇಸ್ತ್ರಿ ಇಲ್ಲ, ಮಾಲೀಕನಿಲ್ಲ. ‘ಅವರು’ ಅಂತ ಮಾತ್ರ ಇದೆ. ಅವರು ಕೆಲಸಕ್ಕೆ ಹಚ್ಚಿದರು, ಅವರು ತೆಗೆದರು. ಒಬ್ಬ ಕೆಟ್ಟ ಧಣಿಯನ್ನು ಬೈದಿದ್ದರೆ ಓದುಗ ಅವನೊಬ್ಬನ ಮೇಲೆ ತಪ್ಪು ಹೊರಿಸಿ ಸುಮ್ಮನಾಗ್ತಿದ್ದ. ‘ಅವರು’ ಅಂದಾಗ ಇಡೀ ವ್ಯವಸ್ಥೆ ಎದುರು ನಿಲ್ಲುತ್ತೆ. ಇದು ವರದಿ, ಕಾವ್ಯವಲ್ಲ ಅನ್ನುವವರು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ನಡುವೆ ಪಲ್ಲವಿ ಹೇಗೆ ಚೂರುಚೂರೇ ಬದಲಾಗುತ್ತೆ ಅನ್ನೋದನ್ನು ಕಿವಿಗೊಟ್ಟು ಕೇಳಬೇಕು.

ಆದರೆ ಒಂದು ತಕರಾರಿದೆ. ದುಡಿಸಿಕೊಂಡು ದೂಡಿದ ದೇಶವನ್ನು ಬೈಯೋದಕ್ಕೆ ಹೆಣ್ಣಿನ ಬೈಗುಳವೇ ಯಾಕೆ ಬೇಕಿತ್ತು? ನಮ್ಮಲ್ಲಿ ‘ಮುಂಡೆ’ ಅನ್ನೋ ಹಾಗೇ ಇದೂ. ಕೂಲಿಕಾರನ ಬಾಯಿಗೆ ಸಹಜವಾದ ಮಾತು ನಿಜ. ಆದರೆ ಅದೇ ದ್ವೀಪಗಳಿಂದ ಬಂದ ಹೆಂಗಸರು ಆಸ್ಪತ್ರೆಗಳಲ್ಲಿ ದಾದಿಯರಾಗಿ, ನೆಲ ಒರೆಸುವವರಾಗಿ ದುಡಿದರು. ಈ ಲೆಕ್ಕದ ಪುಸ್ತಕದಲ್ಲಿ ಅವರ ಪುಟವಿಲ್ಲ. ಹೆಣ್ಣಿನ ದುಡಿಮೆ ಕಾಣದೆ ಹೆಣ್ಣಿನ ಬೈಗುಳ ಮಾತ್ರ ಕಾಣುವುದು ಕೊರತೆಯೇ. ಬಂಡಾಯ ಬರೆಯುವ ನಾವೂ ಇದನ್ನು ಕೇಳಿಕೊಳ್ಳಬೇಕು.

ಪದ್ಯ ಮುಗಿಯೋದು ಪ್ರಶ್ನೆಯಲ್ಲಿ: ಇದಕ್ಕೆ ನಾವೇನು ಮಾಡೋಣ? ಅಲ್ಲೀತನಕ ‘ನಾನು’ ಅಂದವನು ಅಲ್ಲಿ ‘ನಾವು’ ಅಂತಾನೆ. 1981ರ ಜನವರಿ 18ರಂದು ಬ್ರಾಕ್ಲಿಗೆ ಅಂಟಿಕೊಂಡ ನ್ಯೂ ಕ್ರಾಸ್‌ನ ಮನೆಯೊಂದಕ್ಕೆ ಬೆಂಕಿ ಬಿದ್ದು ಹದಿಮೂರು ಕಪ್ಪು ಎಳೆಯರು ಸತ್ತರು. ಮಾರ್ಚ್ 2ರಂದು ಸುಮಾರು 20,000 ಜನ ಲಂಡನ್ನಿನಲ್ಲಿ ಮೆರವಣಿಗೆ ಹೊರಟರು. ಅವತ್ತು ಸೋಮವಾರ, ಕೆಲಸದ ದಿನ. ಕೂಲಿ ಬಿಟ್ಟು ಬೀದಿಗೆ ಬಂದಿದ್ದರು. ಜಾನ್ಸನ್ ಇದ್ದ ‘ರೇಸ್ ಟುಡೇ’ ಬಳಗ ಆ ಸಂಘಟನೆಯಲ್ಲಿತ್ತು.

2018ರಲ್ಲಿ ವಿಂಡ್‌ರಶ್ ಹಗರಣ ಬಯಲಾಯಿತು. ದಶಕಗಳ ಕಾಲ ದುಡಿದು ತೆರಿಗೆ ಕಟ್ಟಿದ ಮುದುಕರನ್ನು, ನೀವು ಇಲ್ಲಿದ್ದಿರಿ ಅನ್ನೋದಕ್ಕೆ ವರ್ಷವರ್ಷದ ಕಾಗದ ತೋರಿಸಿ ಅಂತ ಸರ್ಕಾರ ಕೇಳಿತ್ತು. ಕೆಲವರ ಕೆಲಸ ಹೋಯಿತು, ಕೆಲವರನ್ನು ಗಡಿಪಾರು ಮಾಡಿದರು. ದುಡಿಸಿಕೊಂಡವರು ಲೆಕ್ಕ ಮರೆತೇ ಮರೀತಾರೆ. ಅದನ್ನು ಬರೆದಿಡೋದು ದುಡಿದವರ ಮಕ್ಕಳ ಕೆಲಸ.