ಕರೆದವರಿಗೆ ಅಭಯ: ನ್ಯೂ ಮೆಕ್ಸಿಕೋ ಕಾನೂನಿಗೊಂದು ವ್ಯಾಖ್ಯಾನ

ಮಾದಕ ವಸ್ತುವಿನ ಓವರ್‌ಡೋಸ್ ಆದಾಗ ನೆರವಿಗೆ ಫೋನ್ ಮಾಡಿದವರನ್ನು ಕಾಯುವ ಕಾನೂನನ್ನು ಅಮೆರಿಕದಲ್ಲಿ ಮೊದಲು ಮಾಡಿದ್ದು ನ್ಯೂ ಮೆಕ್ಸಿಕೋ ರಾಜ್ಯ, 2007ರಲ್ಲಿ. ಆ ಮೂಲ ಕಾನೂನಿನ ನಾಲ್ಕು ಮಾತು, ಸಾವಿನ ತನಿಖೆ ಕುರಿತ ಅದೇ ರಾಜ್ಯದ ಕಾನೂನಿನ ಒಂದು ಮಾತು ಇಲ್ಲಿವೆ, ಸಂಗ್ರಹ ನಮ್ಮದು.

1. ಓವರ್‌ಡೋಸ್ ಆದವರಿಗಾಗಿ ಸದ್ಭಾವನೆಯಿಂದ ವೈದ್ಯಕೀಯ ನೆರವು ಕೋರಿದವರ ಮೇಲೆ ಮಾದಕ ವಸ್ತು ಹೊಂದಿದ್ದ ಆರೋಪ ಹೊರಿಸತಕ್ಕದ್ದಲ್ಲ.

ಹೆರಾಯಿನ್‌ನಂಥ ವಸ್ತು ಅತಿಯಾದರೆ ಉಸಿರಾಟ ನಿಧಾನವಾಗಿ ನಿಂತೇಹೋಗುತ್ತದೆ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಮಿದುಳು ಕೆಡತೊಡಗುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿರುವವರು ಬಹುಮಟ್ಟಿಗೆ ಜತೆಗೆ ಬಳಸಿದವರೇ. ಫೋನ್ ಮಾಡಿದರೆ ಆಂಬುಲೆನ್ಸ್ ಹಿಂದೆ ಪೊಲೀಸರೂ ಬರುತ್ತಾರೆಂಬ ಅಂಜಿಕೆ ಅವರ ಕೈ ಕಟ್ಟುತ್ತದೆ. ಉಸಿರು ಮರಳಿಸುವ ನಲಾಕ್ಸೋನ್ ಔಷಧ ಕೈಯಲ್ಲಿದ್ದರೂ ಕರೆ ಬೇಕೇ ಬೇಕು: ಅದರ ಪ್ರಭಾವ 30ರಿಂದ 90 ನಿಮಿಷದಲ್ಲಿ ಇಳಿದು ಉಸಿರು ಮತ್ತೆ ಕುಂದಬಹುದು.

2. ಆ ಆರೋಪಕ್ಕೆ ಸಾಕ್ಷ್ಯ ದೊರೆತದ್ದು ನೆರವು ಕೋರಿದ್ದರಿಂದಲೇ ಆಗಿದ್ದರೆ ಮಾತ್ರ ಈ ರಕ್ಷಣೆ.

ಅಭಯಕ್ಕೆ ಬೇಲಿ ಬಿದ್ದದ್ದು ಇಲ್ಲಿ. ಕರೆಗೆ ಮೊದಲೇ ಬೇರೆ ದಾರಿಯಲ್ಲಿ ಸಿಕ್ಕ ಸಾಕ್ಷ್ಯಕ್ಕೆ ಈ ರಕ್ಷಣೆ ಅನ್ವಯಿಸದು. ಮಾರಾಟದ ಆರೋಪವಂತೂ ಪೂರ್ತಿ ಹೊರಗೇ ಉಳಿಯಿತು.

3. ಓವರ್‌ಡೋಸ್ ಆದವರಿಗೂ ಇದೇ ರಕ್ಷಣೆ.

ಇದಿಲ್ಲದಿದ್ದರೆ ಗೆಳೆಯನನ್ನು ಉಳಿಸಹೋಗಿ ಜೈಲಿಗೆ ತಳ್ಳಿದಂತಾಗುತ್ತಿತ್ತು.

4. ನೆರವು ಕೋರಿದ್ದನ್ನು ಶಿಕ್ಷೆ ತಗ್ಗಿಸುವ ಅಂಶವಾಗಿ ಪರಿಗಣಿಸಬಹುದು.

ಬೇಲಿಯ ಹೊರಗುಳಿದವರಿಗೆ ಸಿಗುವುದು ಇಷ್ಟೇ. ಇದು ನ್ಯಾಯಾಲಯದ ವಿವೇಚನೆ, ಆರೋಪಿಯ ಹಕ್ಕಲ್ಲ.

5. ಹಠಾತ್ ಅಥವಾ ಅಕಾಲಿಕ ಸಾವು ತಿಳಿದುಬಂದವರು ತಕ್ಷಣ ಪೊಲೀಸರಿಗೋ ವೈದ್ಯಕೀಯ ತನಿಖಾಧಿಕಾರಿಗೋ ತಿಳಿಸತಕ್ಕದ್ದು.

ಈ ಮಾತು ಸಾವಿನ ತನಿಖೆಯ ಕಾನೂನಿನದು. ಕೌಂಟಿಗೊಬ್ಬ ಕೊರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ಇದ್ದ ಹಳೆಯ ಪದ್ಧತಿ ತೆಗೆದು, ಇಡೀ ರಾಜ್ಯಕ್ಕೆ ಒಂದೇ ತನಿಖಾ ಕಚೇರಿಯನ್ನು ನ್ಯೂ ಮೆಕ್ಸಿಕೋ ಸ್ಥಾಪಿಸಿತು. ಅದು ಆಲ್ಬುಕರ್ಕಿಯಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಜತೆಗಿದೆ. ಓವರ್‌ಡೋಸ್ ಸಾವಿಗೂ ಈ ತನಿಖೆ ಬೇಕು: ಮೈಮೇಲೆ ಗಾಯ ಇರದಿರಬಹುದು. ಹೆರಾಯಿನ್ ಎಂದು ಕೊಂಡದ್ದರಲ್ಲಿ ಅದಕ್ಕಿಂತ ತೀಕ್ಷ್ಣವಾದ ಫೆಂಟನಿಲ್ ಬೆರೆತಿತ್ತೇ ಎಂಬುದನ್ನು ರಕ್ತ ಪರೀಕ್ಷೆಯೇ ಹೇಳಬೇಕು. ಬೀದಿಗೆ ಯಾವ ವಿಷ ಬಂದಿದೆಯೆಂದು ಆರೋಗ್ಯ ಇಲಾಖೆಗೆ ತಿಳಿಯುವುದೂ ಹೀಗೆಯೇ.

ಐದನ್ನೂ ಒಟ್ಟಿಗಿಟ್ಟು ನೋಡಿ: ಸತ್ತ ಸುದ್ದಿ ತಿಳಿಸುವುದು ಕರ್ತವ್ಯ, ಸಾಯುತ್ತಿರುವ ಸುದ್ದಿ ತಿಳಿಸುವುದು ಅವರವರ ಇಚ್ಛೆ. ಆ ಇಚ್ಛೆಗೆ ಧೈರ್ಯ ತುಂಬುವುದಷ್ಟೇ 2007ರ ಕಾನೂನಿನ ಕೆಲಸ. ಇಂಥ ಅಭಯ ಇದೆಯೆಂದು ಬಳಸುವವರಿಗೆ ಮೊದಲೇ ತಿಳಿದಿರದಿದ್ದರೆ ಅದರಿಂದ ಒಂದು ಜೀವವೂ ಉಳಿಯದು.