ಒಂದೇ ‘ಈ’, ಹತ್ತಾರು ವೇಷ

‘ಟ್ರೀ’ಗೆ ಎರಡು ಇ. ‘ಟೀ’ಗೆ ಇ, ಎ. ‘ಕೀ’ಗೆ ಇ, ವೈ. ‘ಫೀಲ್ಡ್’ಗೆ ಐ, ಇ. ‘ಮೀ’ಗೆ ಒಂದೇ ಇ ಸಾಕು. ಕಿವಿಗೆ ಎಲ್ಲವೂ ಒಂದೇ ‘ಈ’. ಕಾಗುಣಿತ ಕಲಿತ ಮಗುವಿಗೆ ಇದು ಹೊಸ ಸಂಕಟ. ನಮ್ಮ ‘ಈ’ಗೂ ಎರಡು ರೂಪಗಳಿವೆ ನಿಜ. ಆದರೆ ಸ್ವರ ಒಂಟಿಯಾಗಿ ನಿಂತರೆ ಈ, ವ್ಯಂಜನಕ್ಕೆ ಕೂಡಿದರೆ ಗುಡಿಸಿನ ದೀರ್ಘ ಎಂದು ಒಮ್ಮೆ ಹೇಳಿಕೊಟ್ಟರೆ ಮುಗಿಯಿತು. ಊಹೆಗೆ ಅಲ್ಲಿ ಕೆಲಸವಿಲ್ಲ.

ಈ ಗೋಜಲನ್ನು ಬಿಡಿಸಲು ಇಂಗ್ಲೆಂಡಿನ ಶಾಲೆಗಳು ಹಿಡಿದ ದಾರಿ ಫೋನಿಕ್ಸ್, ಅಂದರೆ ಅಕ್ಷರಗಳಿಗೆ ದನಿ ಜೋಡಿಸಿ ಓದಲು ಕಲಿಸುವ ಪದ್ಧತಿ. ಓದು ಕಲಿಸುವುದರ ಬಗ್ಗೆ ಜಿಮ್ ರೋಸ್ ಕೊಟ್ಟ 2006ರ ವರದಿಯ ಬೆನ್ನಿಗೆ, 2007ರಲ್ಲಿ ‘ಲೆಟರ್ಸ್ ಅಂಡ್ ಸೌಂಡ್ಸ್’ ಎಂಬ ಆರು ಹಂತಗಳ ಕ್ರಮ ಬಂತು. ಮೂರನೆಯ ಹಂತದಲ್ಲಿ ‘ಈ’ಗೆ ಎರಡು ಇ ಮಾತ್ರ, ಉಳಿದ ಬರವಣಿಗೆಗಳು ಬರುವುದು ಐದನೆಯ ಹಂತದಲ್ಲಿ. ಮೊದಲು ಒಂದನ್ನು ಗಟ್ಟಿಮಾಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕುವ ಈ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ತಕರಾರು ಅಲ್ಲಿಂದ ಮುಂದಿನದು. ‘ಈ’ಯ ಎಲ್ಲ ಬರವಣಿಗೆಗಳನ್ನೂ ಒಂದೇ ಚಾರ್ಟಿನಲ್ಲಿ ಸಾಲಾಗಿ ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಓದುವ ಮಗುವಿಗೆ ಅದರಿಂದ ಉಪಕಾರವಿದೆ, ಹಲವು ದಾರಿಗಳು ಒಂದೇ ಊರಿಗೆ ಸೇರುತ್ತವೆ. ಬರೆಯಲು ಕೂತ ಮಗುವಿಗೆ ಅದೇ ಚಾರ್ಟು ಕವಲುದಾರಿ. ಯಾವ ಪದಕ್ಕೆ ಯಾವುದು ಎಂದು ಚಾರ್ಟು ಹೇಳುವುದಿಲ್ಲ, ಹೇಳಲಾರದು. ಅದನ್ನು ಹೇಳಬೇಕಾದದ್ದು ಪದದ ಅರ್ಥ. ಭೇಟಿಯ ‘ಮೀಟ್’ಗೆ ಎರಡು ಇ, ಮಾಂಸದ ‘ಮೀಟ್’ಗೆ ಇ, ಎ. ಇದನ್ನು ಹುಚ್ಚು ಭಾಷೆ ಎಂದು ತಳ್ಳಿಹಾಕುವುದು ತಪ್ಪು. ಒಂದು ಕಾಲಕ್ಕೆ ಇವೆರಡರ ಉಚ್ಚಾರವೇ ಬೇರೆಯಿತ್ತು. ಬಾಯಿ ಬದಲಾಯಿತು, ಬರಹ ಉಳಿಯಿತು. ಚಹಾ ಇಂಗ್ಲೆಂಡಿಗೆ ಬಂದ ಕಾಲದಲ್ಲಿ ಎಷ್ಟೋ ಜನ ಅದನ್ನು ‘ಟೇ’ ಎನ್ನುತ್ತಿದ್ದರು. ‘ಗ್ರೇಟ್’, ‘ಬ್ರೇಕ್’ ಪದಗಳಲ್ಲಿ ಆ ಹಳೆಯ ದನಿಯ ನೆರಳು ಇನ್ನೂ ಇದೆ. ಆರು ವರ್ಷದ ಮಕ್ಕಳಿಗೆ ಇದನ್ನು ಕತೆಯಾಗಿ ಯಾಕೆ ಹೇಳಬಾರದು?

2012ರಿಂದ ಅಲ್ಲಿ ಒಂದನೇ ವರ್ಷದ ಮಕ್ಕಳಿಗೆ ಓದಿನ ಪರೀಕ್ಷೆಯಿದೆ. ನಲವತ್ತು ಪದಗಳು, ಅವುಗಳಲ್ಲಿ ಇಪ್ಪತ್ತು ಅರ್ಥವಿಲ್ಲದ ಕಟ್ಟುಪದಗಳು. ಅವು ನಿಜವಾದ ಪದಗಳಲ್ಲವೆಂದು ಮಗುವಿಗೆ ತಿಳಿಯಲೆಂದು ಪಕ್ಕದಲ್ಲಿ ಅನ್ಯಲೋಕದ ಪ್ರಾಣಿಯ ಚಿತ್ರವಿರುತ್ತದೆ. ಅಕ್ಷರ ಬಿಡಿಸುವ ಶಕ್ತಿಯನ್ನು ಅಳೆಯಲು ಇದು ಒಳ್ಳೆಯ ಉಪಾಯ. ಮನೆಮಾತು ಇಂಗ್ಲಿಷಾದ ಮಗುವಿಗೆ ಉಳಿದ ಇಪ್ಪತ್ತು ಪದಗಳು ಬಹುತೇಕ ಕೇಳಿದವೇ ಆಗಿರುತ್ತವೆ, ದನಿ ಹೊರಟ ಕೂಡಲೇ ಅರ್ಥವೂ ಬರುತ್ತದೆ. ಇಡೀ ಪದ್ಧತಿ ನಿಂತಿರುವುದು ಈ ನಂಬಿಕೆಯ ಮೇಲೆ.

2019-20ರಲ್ಲಿ ಕರ್ನಾಟಕದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭವಾಯಿತು. ಮನೆಯಲ್ಲಿ ಇಂಗ್ಲಿಷಿನ ಸುಳಿವೇ ಇಲ್ಲದ ಮಕ್ಕಳ ಮುಂದೆ ಫೋನಿಕ್ಸನ್ನು ಹಾಗೆಯೇ ತಂದಿಟ್ಟರೆ, ಆ ನಂಬಿಕೆ ಕುಸಿಯುತ್ತದೆ. ನಾನು ಕೂತು ನೋಡಿದ ತರಗತಿಯೊಂದರಲ್ಲಿ ಹುಡುಗಿಯೊಬ್ಬಳು ‘ಬೀನ್’ ಎಂದು ತಡವರಿಸದೆ ಓದಿದಳು. ಹಾಗಂದ್ರೇನು ಪುಟ್ಟೀ ಎಂದರೆ ಸುಮ್ಮನೆ ನೋಡಿದಳು. ಅವಳ ಪಾಲಿಗೆ ನಲವತ್ತೂ ಪದಗಳು ಅನ್ಯಲೋಕದವೇ. ಬೀನ್ಸ್ ಪಲ್ಯ ಎಂದೆ. ಮುಖ ಅರಳಿತು.

ನಮ್ಮ ದಾರಿ ಅಲ್ಲಿದೆ ಎಂದು ನನ್ನ ಬಲವಾದ ಅನಿಸಿಕೆ. ಅಜ್ಜಿಯ ಬಾಯಲ್ಲೂ ಇರುವ ಇಂಗ್ಲಿಷ್ ಪದಗಳನ್ನು ಮೊದಲು ಹೆಕ್ಕಬೇಕು. ಜೀಪು, ಫೀಸು, ಸ್ಪೀಡು, ಮೀಟಿಂಗು ಒಂದು ವಾರ, ಎರಡು ಇ ಕೈಗೆ ಕೂರುವ ತನಕ. ಆಮೇಲೆ, ಸಾಕಷ್ಟು ದಿನ ಬಿಟ್ಟು, ಸೀಟು, ಟೀಮು, ಟೀಚರ್, ಐಸ್‌ಕ್ರೀಮ್. ಬಸ್ಸಿನಲ್ಲಿ ಸೀಟು ಹಿಡಿದ ಕತೆಯನ್ನು ಮಗು ಕನ್ನಡದಲ್ಲೇ ಹೇಳಲಿ. ಆ ಒಂದು ಪದವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಲಿ.