ಲಾಕರಿನಲ್ಲಿಟ್ಟ ದೇವರು

ಮೈಸೂರಿಗೆ ಹೊರಡುವ ಮುನ್ನ ಸರಟೋಗಾದ ನಮ್ಮ ಮನೆಯಲ್ಲಿ ತಪ್ಪದ ಕೆಲಸವೊಂದಿದೆ. ದೇವರ ಮನೆಯ ಬೆಳ್ಳಿ ಗಣಪತಿಯನ್ನೂ ಲಕ್ಷ್ಮಿಯನ್ನೂ ಬಟ್ಟೆಯಲ್ಲಿ ಸುತ್ತಿ ಬ್ಯಾಂಕಿನ ಲಾಕರಿಗೆ ಸೇರಿಸುವುದು. ಕಳೆದ ಬೇಸಿಗೆಯಲ್ಲಿ ಹಾಗೆ ಇಟ್ಟು ಬಂದಾಗ ಮಗಳು ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (1973) ಹಿಡಿದು ಕೂತಿದ್ದಳು. “ಅಪ್ಪಾ, ಕಳ್ಳರಿಗೆ ಹೆದರಿ ಹೂತಿಡುವ ದೇವರು ಅಂತ ಬಸವಣ್ಣ ಹೇಳೋದು ನಮ್ಮನ್ನೇ ಅಲ್ವಾ?” ಎಂದಳು.

ಉರಿ ತಾಗಿದರೆ ಕರಗುವ, ಕಷ್ಟಕಾಲದಲ್ಲಿ ಮಾರಿಹೋಗುವ, ಭಯವಾದಾಗ ಮಣ್ಣು ಸೇರುವ ದೇವರುಗಳನ್ನು ತಾನು ಒಪ್ಪುವುದೆಂತು ಎಂಬುದು ಆ ವಚನದ ಸಾರ. ಇದನ್ನು ವಿಗ್ರಹಾರಾಧನೆಯ ಖಂಡನೆ ಎಂದು ಓದುವುದು ವಾಡಿಕೆ. ನನಗೆ ಅಷ್ಟು ಸಾಲದು. ಇಷ್ಟಲಿಂಗವೂ ಅಂಗೈಯಲ್ಲಿ ಹಿಡಿಯುವ ವಸ್ತುವೇ. ಆದರೆ ಅದನ್ನು ಮೈಯಿಂದ ಅಗಲಿಸುವಂತಿಲ್ಲ. ಹಾಗಾಗಿ ಇಲ್ಲಿಯ ಆಕ್ಷೇಪ ಆಕಾರಕ್ಕಿಂತ ಹೆಚ್ಚಾಗಿ ಒಡೆತನದ ಬಗ್ಗೆ. ನಾನು ಮಾರಬಲ್ಲ, ಬಚ್ಚಿಡಬಲ್ಲ ದೇವರಿಗೆ ನಾನೇ ಯಜಮಾನ.

ಬೈಬಲಿನ ಯೆಶಾಯನ ಗ್ರಂಥದ 44ನೇ ಅಧ್ಯಾಯದಲ್ಲೂ ಇಂಥದೇ ವ್ಯಂಗ್ಯವಿದೆ. ಒಬ್ಬನು ಮರ ಕಡಿದು, ಅರ್ಧವನ್ನು ಉರಿಸಿ ಚಳಿ ಕಾಯಿಸಿಕೊಂಡು ರೊಟ್ಟಿ ಸುಡುತ್ತಾನೆ. ಉಳಿದರ್ಧದಲ್ಲಿ ದೇವರನ್ನು ಕೆತ್ತಿ ಅಡ್ಡಬೀಳುತ್ತಾನೆ. ಅಲ್ಲಿ ನಗು ಇನ್ನೊಬ್ಬನ ಬುದ್ಧಿಗೇಡಿತನದ ಮೇಲೆ. ಬಸವಣ್ಣನವರು ಪ್ರಶ್ನೆಯನ್ನು ಉತ್ತಮ ಪುರುಷದಲ್ಲಿ ಕೇಳುತ್ತಾರೆ. ಓದುವವನು ಪಕ್ಕಕ್ಕೆ ಸರಿದು ನಗುವಂತಿಲ್ಲ.

ಮಗಳಿಗೆ ಒಂದು ಮಾತು ಹೇಳಬೇಕಾಯಿತು: ಕಳ್ಳರು ಅನುವಾದದಲ್ಲಿ ಬಂದವರು. ಕನ್ನಡದಲ್ಲಿರುವುದು ಬರೀ ಅಂಜಿಕೆ. ಇಂಗ್ಲಿಷಿನಲ್ಲಿ ಚಿತ್ರ ಸ್ಪಷ್ಟವಾಯಿತು, ಅರ್ಥ ಕಿರಿದಾಯಿತು. ಕಳ್ಳರ ಭಯವಾದರೆ ಲಾಕರಿಗೆ ಮುಗಿಯುತ್ತದೆ. ಬರೀ ಅಂಜಿಕೆ ಎಂದಾಗ ಈ ಕಣಿವೆಯಲ್ಲಿ ಬದುಕುವ ನಮಗೆ ನೆನಪಾಗುವುದು ಬೇರೆ: ಕೆಲಸ ಹೋದೀತು, ವೀಸಾ ನಿಂತೀತು, ಮಕ್ಕಳಿಗೆ ಒಳ್ಳೆಯ ಕಾಲೇಜು ತಪ್ಪೀತು. ಆಗೆಲ್ಲ ಹರಕೆ ಹೊರುತ್ತೇವೆ. ಗಂಡಾಂತರ ಕಳೆದ ಮೇಲೆ ದೇವರ ಮನೆಯ ಬಾಗಿಲು ಮುಚ್ಚಿರುತ್ತದೆ. ಹೂಳುವುದೆಂದರೆ ಇದೂ ಹೌದು. ಮನೆಯಲ್ಲಿ ಒಂದೂ ವಿಗ್ರಹವಿಲ್ಲದವರೂ ಈ ತಪ್ಪು ಮಾಡಬಹುದು.

ಈ ವರ್ಷವೂ ಲಾಕರಿಗೆ ಹೋಗಿ ಬಂದೆ. ಬೆಳ್ಳಿಯನ್ನು ಜೋಪಾನ ಮಾಡುವುದರಲ್ಲಿ ತಪ್ಪೇನೂ ಕಾಣಲಿಲ್ಲ. ದೇವರನ್ನು ಕಾಪಾಡಿ ಬಂದೆ ಎಂಬ ಸಮಾಧಾನ ಮಾತ್ರ ಈ ಸಲ ಬರಲಿಲ್ಲ.